ಬಲಗಡೆ ಕೂತ ಕ್ಲೀನರ್

ನಮ್ಮ ಮಸ್ಕಿಯ ದುರುಗಪ್ಪ ಮೀಸೆ ಚಿಗುರುವ ವಯಸ್ಸಿಗೇ ಲಾರಿ ಹತ್ತಿದವನು. ಹತ್ತಿದ್ದು ಎಡಗಡೆಯ ಬಾಗಿಲಿನಿಂದ, ಕ್ಲೀನರ್ ಆಗಿ. ಅವನ ಜೊತೆಯವರೆಲ್ಲ ಎರಡು ಮೂರು ವರ್ಷಕ್ಕೆ ಬಲಗಡೆಗೆ ಸರಿದು ಡ್ರೈವರ್ ಆದರು. ದುರುಗಪ್ಪ ಎಡಗಡೆಯಲ್ಲೇ ಉಳಿದ. ಸೋಮಾರಿತನಕ್ಕಲ್ಲ. ಅದು ಸಿಂಧನೂರಿನ ಗಿರಣಿಗಳಿಂದ ಅಕ್ಕಿ ಹೇರುವ ಲಾರಿ. ಡ್ರೈವರ್ ಅಲ್ಲಾಭಕ್ಷ್ ಒಳ್ಳೆಯ ಮನುಷ್ಯ. ಖಾಲಿ ರೋಡು ಸಿಕ್ಕಾಗಲೆಲ್ಲ ಸ್ಟೇರಿಂಗ್ ಕೊಟ್ಟು ಕಲಿಸಲು ನೋಡಿದ. ಆದರೆ ದುರುಗಪ್ಪನ ಕಣ್ಣು ಎಡಕ್ಕೇ ಹೋಗುತ್ತಿತ್ತು. ರೋಡಿನ ಅಂಚು, ತಗ್ಗು, ಮರದ ಟೊಂಗೆ, ಸೈಕಲ್ಲು, ಕ್ಲೀನರ್ ಆದವನು ನೋಡಬೇಕಾದದ್ದು ಅದನ್ನೇ. ಕಣ್ಣು ಹೋದ ಕಡೆ ಕೈ, ಕೈ ಹೋದ ಕಡೆ ಲಾರಿ. ದಢೇಸುಗೂರಿನ ಹತ್ತಿರ ಲಾರಿ ಭತ್ತದ ಗದ್ದೆಗೆ ಇಳಿದು ಎತ್ತು ಕಟ್ಟಿ ಎಳೆಸಬೇಕಾದ ದಿನ ಅಲ್ಲಾಭಕ್ಷ್ ಕೈಮುಗಿದ.

"ದುರುಗ್ಯಾ, ನೀ ಎಡಕ್ಕ ಹುಟ್ಟಿದಾಂವ. ಅಲ್ಲೇ ಇದ್ದಬಿಡು."

ದುರುಗಪ್ಪನಿಗೆ ಬೇಜಾರೇನೂ ಆಗಲಿಲ್ಲ. ಎಡಗಡೆಯಲ್ಲಿ ಅವನು ರಾಜ. ಬಾಗಿಲ ಹೊರಗೆ ಕೈ ಚಾಚಿ ತಗಡಿನ ಮೇಲೆ ಒಂದು ಸಲ ಬಡಿದರೆ ನಿಲ್ಲು, ಎರಡು ಸಲ ಬಡಿದರೆ ಹೋಗು. ಅವನು ಬಡಿದ ಮೇಲೆ ಅಲ್ಲಾಭಕ್ಷ್ ಕನ್ನಡಿ ನೋಡುತ್ತಿರಲಿಲ್ಲ. ನೋಡುವ ಅಗತ್ಯ ಇರಲಿಲ್ಲ.

ಬೇಜಾರಾದದ್ದು ಮದುವೆಯ ವಿಷಯದಲ್ಲಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ದುರುಗಪ್ಪನ ಸೋದರಮಾವ ಹೊನ್ನೂರಪ್ಪ ಒಂದೇ ಸುಳ್ಳು ಹೇಳಿದ್ದ, ಸಾವಿರಕ್ಕೆ ಸಮನಾದದ್ದನ್ನು ಹೇಳಿದ್ದ. ಮುದಗಲ್ಲಿನ ಮೈಲಾರಲಿಂಗಪ್ಪನ ಮಗಳು ಯಮನೂರಮ್ಮನನ್ನು ಕೇಳಲು ಹೋದಾಗ ಹುಡುಗ ಲಾರಿ ಡ್ರೈವರ್ ಎಂದುಬಿಟ್ಟಿದ್ದ. ಈ ಮಾತು ಹುಡುಗನಿಗೇ ಗೊತ್ತಿರಲಿಲ್ಲ. ಮೈಲಾರಲಿಂಗಪ್ಪ ಕುರಿ ವ್ಯಾಪಾರದವನು, ದನಿ ದೊಡ್ಡದು, ಇಜ್ಜತ್ತಿನ ಚಿಂತೆ ಅದಕ್ಕಿಂತ ದೊಡ್ಡದು. ಓಣಿಯಲ್ಲೆಲ್ಲ "ನನ್ನ ಡ್ರೈವರ್ ಅಳಿಯ" ಎಂದು ಹೇಳಿಕೊಂಡು ತಿರುಗಿದ. ಮದುವೆಯಾದ ವರ್ಷವೇ ಅಲ್ಲಾಭಕ್ಷನ ಲಾರಿ ಮುದಗಲ್ಲಿನ ನಡುಪೇಟೆಯಲ್ಲಿ ಪಂಚರ್ ಆಯಿತು. ನಾಲ್ಕು ಮಂದಿಯನ್ನು ಬೆನ್ನಿಗೆ ಕಟ್ಟಿಕೊಂಡು ಅಳಿಯನಿಗೆ ಚಹಾ ತಂದ ಮಾವ, ಡ್ರೈವರ್ ಸೀಟಿನಲ್ಲಿ ಬೀಡಿ ಸೇದುತ್ತ ಕೂತ ಅಲ್ಲಾಭಕ್ಷನನ್ನು ನೋಡಿದ. ಆಮೇಲೆ ಲಾರಿಯ ಕೆಳಗೆ, ಮೈಗೆಲ್ಲ ಗ್ರೀಸು ಬಳಿದುಕೊಂಡು ಮಲಗಿದ್ದ ಅಳಿಯನನ್ನು ನೋಡಿದ.

"ಸ್ಟೇರಿಂಗ್ ಹಿಡದ ಮ್ಯಾಲ ನನ್ನ ಹೊಸ್ತಿಲ ತುಳಿ. ಅಲ್ಲೀತನಕ ನೀನೂ ಬರಬ್ಯಾಡ, ಆಕಿನ್ನೂ ಕಳಸಬ್ಯಾಡ" ಎಂದು ಚಹಾವನ್ನು ರೋಡಿಗೆ ಚೆಲ್ಲಿ ಹೋದ.

ಅಂದಿನಿಂದ ಪಂಚಮಿ ಬಂದರೆ ಯಮನೂರಮ್ಮನಿಗೆ ತವರಿಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಅಣ್ಣನೋ ತಮ್ಮನೋ ಕರೆಯಲು ಬಂದು ಬಸ್ಸು ಹತ್ತುವಾಗ ಇವಳು ಕಳೆ ತೆಗೆಯಲು ಹೋಗುತ್ತಿದ್ದಳು. ತಾಯಿ ಕರೆಮ್ಮ ಮಾತ್ರ ಗಂಡನಿಗೆ ಗೊತ್ತಿಲ್ಲದಂತೆ ಲಿಂಗಸುಗೂರಿನ ಸಂತೆಗೆ ಬರುವಳು. ತಾಯಿ ಮಗಳು ಮೆಣಸಿನಕಾಯಿ ಸಾಲಿನ ಹಿಂದೆ ಕೂತು ಮಾತಾಡಿ, ಕಣ್ಣೊರೆಸಿಕೊಂಡು, ಕೇಳಿದವರಿಗೆ ಖಾರದ ಘಾಟು ಎಂದು ಹೇಳಿ ಬೇರೆ ಬೇರೆ ಬಸ್ಸಿಗೆ ಹೋಗುತ್ತಿದ್ದರು. ಯಮನೂರಮ್ಮ ಇದಕ್ಕಾಗಿ ಗಂಡನನ್ನು ಒಂದು ಮಾತು ಅಂದವಳಲ್ಲ. ಅಂದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

ಇನ್ನು ನನ್ನ ವಿಷಯ. ನಾನು ಸೂಗಪ್ಪ, ಮಸ್ಕಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ನಮ್ಮೂರ ಗುಡ್ಡದಲ್ಲಿ ಅಶೋಕನ ಶಾಸನ ಇದೆ. ಅದನ್ನು ನೋಡಲು ಬಿಳಿಯರು ಯಾರೇ ಬಂದರೂ ಜನ ಅವರನ್ನು ತಂದು ನನ್ನ ಬಾಗಿಲಿಗೆ ಬಿಡುತ್ತಿದ್ದರು. ಶಾಸನ ಇರುವುದು ಗುಡ್ಡದಲ್ಲಿ, ನನ್ನ ಮನೆಯ ಅಟ್ಟದ ಮೇಲಲ್ಲ ಎಂದು ಎಷ್ಟೋ ಸಲ ರೇಗಿದ್ದೇನೆ. ಎಂಬತ್ತೊಂಬತ್ತನೇ ಇಸವಿಯಲ್ಲಿ, ಸಜ್ಜೆ ಕೊಯ್ಲು ಮುಗಿಯುವ ದಿನಗಳು, ಒಂದು ಭಾನುವಾರ ಬೆಳಿಗ್ಗೆ ಹಾಲೆಂಡಿನ ಗಂಡ ಹೆಂಡತಿ ಹೀಗೇ ಬಂದರು. ಅವನ ಹೆಸರು ಪೀಟರ್, ಅವಳದು ಮಾರ್ಗೋ. ತಮ್ಮೂರಿನಿಂದಲೇ ಹಳದಿ ಬಣ್ಣದ ವ್ಯಾನು ಹೊಡೆದುಕೊಂಡು, ನಡುವಿನ ದೇಶಗಳನ್ನೆಲ್ಲ ದಾಟಿ ಬಂದಿದ್ದರು. ಶಾಸನ ನೋಡಿಯಾಗಿತ್ತು, ಮುಂದೆ ಮುದಗಲ್ ಕೋಟೆ ನೋಡಬೇಕಿತ್ತು. ಆದರೆ ಒಂದು ತೊಡಕು ಬಂದಿತ್ತು.

ಅವರ ದೇಶದಲ್ಲಿ ಗಾಡಿ ಓಡುವುದು ರೋಡಿನ ಬಲಕ್ಕೆ, ಹಾಗಾಗಿ ಸ್ಟೇರಿಂಗ್ ಇರುವುದು ಎಡಕ್ಕೆ. ಅಂಥ ಗಾಡಿಯನ್ನು ನಮ್ಮ ರೋಡಿನಲ್ಲಿ ಹೊಡೆಯುವಾಗ ಮುಂದಿನ ಲಾರಿಯನ್ನು ದಾಟಬೇಕೆಂದರೆ ಡ್ರೈವರನಿಗೆ ಲಾರಿಯ ಬೆನ್ನು ಬಿಟ್ಟು ಬೇರೇನೂ ಕಾಣದು. ಬಲಗಡೆ ಕೂತವರು ನೋಡಿ ಹೇಳಬೇಕು. ಅಷ್ಟು ದೂರದಿಂದ ಹಾಗೆ ಹೇಳುತ್ತ ಬಂದಿದ್ದ ಮಾರ್ಗೋ, ಹಿಂದಿನ ದಿನ ಸಿಂಧನೂರಿನಲ್ಲಿ ಆರ್.ಎಚ್. ಕ್ಯಾಂಪ್ ಹತ್ತಿರ ಹುಲ್ಲು ಹೇರಿದ ಟ್ರ್ಯಾಕ್ಟರಿನ ಹಿಂದಿನಿಂದ ನೋಡಿ 'ಹೋಗು' ಎಂದಿದ್ದಳು. ಹೋದರೆ ಎದುರಿಗೆ ಬಸ್ಸು. ಕೂದಲೆಳೆಯಲ್ಲಿ ಉಳಿದಿದ್ದರು. ಇನ್ನು ನಾನು ಆ ಸೀಟಿನಲ್ಲಿ ಕೂರುವುದಿಲ್ಲ ಎಂದು ಅವಳು ಹಿಂದೆ ಹೋಗಿ ಕೂತುಬಿಟ್ಟಿದ್ದಳು.

"ಇಲ್ಲಿಯ ರಸ್ತೆ ನಿಯಮ ಗೊತ್ತಿರುವ ಯಾರಾದರೂ ಬೇಕು" ಎಂದ ಪೀಟರ್.

ನನಗೆ ನಗು ಬಂತು. ನಮ್ಮ ರೋಡಿಗೆ ನಿಯಮ ಇದೆ ಎಂದು ನಂಬಿದ ಮೊದಲ ಮನುಷ್ಯ ಅವನು. ಆದರೆ ಅಲ್ಲಾಭಕ್ಷನ ಲಾರಿ ಗ್ಯಾರೇಜಿನಲ್ಲಿತ್ತು, ದುರುಗಪ್ಪ ಮನೆಯಲ್ಲಿದ್ದ. ಹೇಳಿ ಕಳಿಸಿದೆ. ಅವನ ಹಿಂದೆಯೇ ಯಮನೂರಮ್ಮನೂ ಬಂದಳು, ಒಳ್ಳೆಯ ಸೀರೆ ಉಟ್ಟುಕೊಂಡು.

"ಮುದಗಲ್‌ಗೆ ಹೊಂಟೀರಂತಲ್ರೀ ಮಾಸ್ತರ, ನಾನೂ ಬರ್ತೀನ್ರಿ. ಅಪ್ಪನ ಮನಿಗೆ ಅಲ್ರೀ. ಸುಮ್ನ ಗಾಡ್ಯಾಗ ಕುಂತು ಓಣಿ ನೋಡಿ ಬರ್ತೀನಿ" ಎಂದಳು.

ದುರುಗಪ್ಪ ತಲೆ ತಗ್ಗಿಸಿದ. ನಾನು ಗಾಡಿಯ ಹಿಂದಿನ ಬಾಗಿಲು ತೆಗೆದೆ.

ಹೊರಡುವ ಹೊತ್ತಿಗೆ ದುರುಗಪ್ಪ ಅಭ್ಯಾಸಬಲದಿಂದ ಗಾಡಿಯನ್ನು ಸುತ್ತಿ ಎಡಗಡೆಗೆ ಹೋಗಿ, ಬಾಗಿಲು ತೆಗೆದು ಹತ್ತಿ ಕೂತ. ಕೂತರೆ ಮುಂದೆ ಸ್ಟೇರಿಂಗ್. ಕೆಂಡದ ಮೇಲೆ ಕೂತವನಂತೆ ಎದ್ದು ಕೆಳಗೆ ಹಾರಿದ. ಪೀಟರ್ ನಕ್ಕು ಬಲಗಡೆ ತೋರಿಸಿದ. ದುರುಗಪ್ಪ ಆ ಸೀಟಿನ ತುದಿಯಲ್ಲಿ, ಬೇರೆಯವರ ಮನೆಯ ಮಂಚದ ಮೇಲೆ ಕೂತವನಂತೆ ಕೂತ. ಗಾಜು ಇಳಿಸಿ ಕೈ ಹೊರಗೆ ಹಾಕಿದ ಮೇಲೆ ಸ್ವಲ್ಪ ಜೀವ ಬಂತು. ಬಾಗಿಲ ಮೇಲೆ ಒಂದು ಸಲ ಬಡಿದು ಅಂಗೈ ಅಡ್ಡ ಹಿಡಿದ. ಎರಡು ಸಲ ಬಡಿದು ಕೈ ಮುಂದಕ್ಕೆ ಬೀಸಿದ. ಹೊಳೆಯುವ ಹಳದಿ ಬಣ್ಣದ ಮೇಲೆ ಏಟು ಬಿದ್ದಾಗ ಪೀಟರ್ ಮುಖ ಕಿವುಚಿದರೂ ಪಾಠ ತಿಳಿಯಿತು. ಇಂಗ್ಲಿಷಿಗಾಗಿ ಕರೆಸಿಕೊಂಡ ನಾನು ಹೆಂಗಸರ ಜೊತೆ ಹಿಂದಿನ ಸೀಟಿನಲ್ಲಿ ಲಗೇಜಿನಂತೆ ಕೂತೆ.

ಲಿಂಗಸುಗೂರಿನ ದಾರಿಯಲ್ಲಿ ಸ್ವಲ್ಪ ದೂರ ಹೋಗಿರಬೇಕು, ಗಾಡಿ ಗಕ್ಕನೆ ನಿಂತಿತು. ಮುಂದೆ ಡಾಂಬರಿನ ಮೇಲೆ ಅಡ್ಡಗಲಕ್ಕೆ ಸಜ್ಜೆಯ ತೆನೆ ಹರವಿದ್ದರು. ದುರುಗಪ್ಪ ಎರಡು ಸಲ ಬಡಿದ. ಪೀಟರ್ ಹೋಗಲಿಲ್ಲ. ಮತ್ತೆ ಬಡಿದ. ಇಲ್ಲ.

"ಇದು ಯಾರದೋ ಬೆಳೆ. ನಮ್ಮಲ್ಲಿ ಇದರ ಮೇಲೆ ಹೋದರೆ ಪೊಲೀಸರು ಬರುತ್ತಾರೆ" ಎಂದ ಪೀಟರ್.

ಅಷ್ಟರಲ್ಲಿ ತೆನೆಯ ಒಡತಿ ಗದ್ದೆಮ್ಮ ಸೊಂಟಕ್ಕೆ ಕೈ ಕೊಟ್ಟು ಬಂದಳು. ಅವಳ ಸಿಟ್ಟು ಬೇರೆಯದೇ ಆಗಿತ್ತು. "ಯಾಕ ನಿಂತೀರಿ? ಎಲ್ಲಾರ ಸಜ್ಜಿ ತುಳೀತೀರಿ, ನನ್ನ ಸಜ್ಜಿ ಏನ್ ಪಾಪ ಮಾಡೈತಿ? ಮುಗಲು ನೋಡ್ರಿ, ಮಳಿ ಬಂದ್ರ ನೀವು ಒಕ್ಕಿ ಕೊಡ್ತೀರೇನು?"

ನಮ್ಮಲ್ಲಿ ತೆನೆಯನ್ನು ರೋಡಿಗೆ ಹಾಕುವುದೇ ಗಾಡಿಗಳು ತುಳಿಯಲಿ, ಕಾಳು ಉದುರಲಿ ಎಂದು. ತುಳಿಯದೆ ಬದಿಗೆ ಹೋದರೆ ಅದೇ ಅವಮಾನ. ನಾನು ಇದನ್ನು ಪೀಟರನಿಗೆ ಹೇಳಿದೆ. ಅವನು ನಂಬದೆ ದುರುಗಪ್ಪನ ಮುಖ ನೋಡಿದ.

"ತೆನಿ ಇದ್ರ ಮ್ಯಾಲ ಹೋಗಬೇಕು, ಕಾಳು ಒಣಗ ಹಾಕಿದ್ರ ಬದೀಗೆ ಹೋಗಬೇಕು. ಇದೇ ರೂಲು, ಹೇಳ್ರಿ ಮಾಸ್ತರ" ಎಂದ ದುರುಗಪ್ಪ.

ಹೇಳಿದೆ. ಪೀಟರ್ ಮೆಲ್ಲಗೆ ಗಾಡಿ ಬಿಟ್ಟ. ಚಕ್ರದ ಕೆಳಗೆ ತೆನೆ ಚರಚರ ಎಂದಿತು. ಆ ಸದ್ದು ಕೇಳಿ ಅವನಿಗೆ ಹುಚ್ಚು ಹಿಡಿಯಿತೋ ಏನೋ, ಹಿಂದಕ್ಕೆ ಬಂದು ಮತ್ತೆ ಹೋದ, ಮತ್ತೆ ಬಂದ. ಸಾಕು ಎಂದು ಗದ್ದೆಮ್ಮನೇ ಕೈ ಅಡ್ಡ ಮಾಡಬೇಕಾಯಿತು. ಮಾರ್ಗೋ ಎರಡು ದಿನದಲ್ಲಿ ಮೊದಲ ಸಲ ನಕ್ಕಳು. ಮುಂದಕ್ಕೆ ದಾರಿಯಲ್ಲಿ ಹಸಿ ಟೊಂಗೆ ಬಿದ್ದಿದ್ದು ಕಂಡರೆ ಪೀಟರ್ ತಾನೇ ದುರುಗಪ್ಪನ ಕಡೆ ತಿರುಗಿ ಹುಬ್ಬು ಹಾರಿಸುವನು. ಮುಂದೆ ಲಾರಿ ಕೆಟ್ಟು ನಿಂತಿದೆ, ನಿಧಾನ ಎಂದು ದುರುಗಪ್ಪ ಕೈಯಲ್ಲೇ ಹೇಳುವನು. ಕುರಿ ಹಿಂಡು ಬಂದಾಗ ಹಾರ್ನ್ ಮೇಲಿದ್ದ ಪೀಟರನ ಕೈಯನ್ನು ಮೆತ್ತಗೆ ತೆಗೆದಿಟ್ಟ. ಹಾರ್ನ್ ಹೊಡೆದರೆ ಕುರಿ ಚದುರುತ್ತವೆ, ಸುಮ್ಮನಿದ್ದರೆ ಕುರಿಗಾರ ಒಂದು ಸಿಳ್ಳೆಗೆ ದಾರಿ ಬಿಡಿಸುತ್ತಾನೆ. ಹಾಗೇ ಆಯಿತು.

ಎಡಕ್ಕೆ ಹುಟ್ಟಿದವನು ಬಲಗಡೆ ಕೂತು ಹೇಗೆ ನೋಡಿಯಾನು ಎಂಬ ಅಂಜಿಕೆ ನನಗಿತ್ತು. ಅದೇನೂ ಆಗಲಿಲ್ಲ. ಕೈಯಲ್ಲಿ ಸ್ಟೇರಿಂಗ್ ಇಲ್ಲದಿದ್ದರೆ ಅವನ ಕಣ್ಣಿಗೆ ಯಾವ ಕಡೆಯಾದರೂ ಒಂದೇ.

ಲಿಂಗಸುಗೂರು ದಾಟಿ ಮುದಗಲ್ ಹತ್ತಿರ ಬಂದಾಗ ಒಂದು ಹಳ್ಳದ ಸೇತುವೆ ಬಂತು. ಒಂದೇ ಗಾಡಿ ಹಿಡಿಸುವಷ್ಟು ಅಗಲ. ಆ ಕಡೆಯಿಂದ ಹತ್ತಿಯ ಅಂಡಿಗೆ ಹೇರಿದ ಲಾರಿ ಬರುತ್ತಿತ್ತು. ಲಾರಿಯವನು ಎರಡು ಸಲ ಲೈಟ್ ಹಾಕಿ ಆರಿಸಿದ. ಪೀಟರ್ ಸಂತೋಷದಿಂದ ಕೈ ಎತ್ತಿ ಸಲಾಮು ಹೊಡೆದು ಗಾಡಿಯನ್ನು ಸೇತುವೆಯ ಕಡೆ ನುಗ್ಗಿಸಿದ. ಬಾಗಿಲ ಮೇಲೆ ಗುಂಡಿನಂಥ ಒಂದು ಏಟು ಬಿತ್ತು. ಪೀಟರ್ ಬ್ರೇಕ್ ತುಳಿದ, ಗಾಡಿ ಸೇತುವೆಯ ಈಚೆಗೇ ನಿಂತಿತು. ನಾನು ಮುಂದಿನ ಸೀಟಿಗೆ ಮುಖ ಗುದ್ದಿಕೊಂಡೆ. ಲಾರಿ ವೇಗ ಕಡಿಮೆ ಮಾಡದೆಯೇ ಸೇತುವೆ ದಾಟಿ, ನಮ್ಮ ಕನ್ನಡಿಗೆ ಗಾಳಿ ಬೀಸಿ ಹೋಯಿತು.

ಪೀಟರನ ಮುಖ ಸುಣ್ಣವಾಗಿತ್ತು. "ಲೈಟ್ ಹಾಕಿದನಲ್ಲ? ನೀನು ಬಾ ಎಂದಲ್ಲವೇ ಅದರ ಅರ್ಥ?"

ನಾನು ಅದನ್ನು ಕನ್ನಡದಲ್ಲಿ ಕೇಳಿದೆ. ದುರುಗಪ್ಪ ಬೆರಗಾಗಿ ಅವನನ್ನು ನೋಡಿದ. "ನಾ ಬಂದೆ, ನೀ ನಿಂದ್ರು ಅಂತ್ರೀ. ಅವರ ಊರಾಗ ಲಾರಿಯವ್ರು ದಾರಿ ಬಿಟ್ಟು ಬಾ ಅಂತಾರೇನ್ರೀ?"

ಆಮೇಲೆ ಪೀಟರ್ ನನ್ನ ಮೂಲಕ ಒಂದು ಪ್ರಶ್ನೆ ಕೇಳಿದ: ನೀನು ಬಡಿದಾಗ ನಾನು ಯಾವಾಗಲೂ ನಂಬಬಹುದೇ? ಅವನ ಪ್ರಾಣ ಹೋಗಿ ಬಂದಿತ್ತು, ಕೇಳಿದ್ದು ತಪ್ಪಲ್ಲ.

ದುರುಗಪ್ಪ ಯೋಚಿಸಿ ಹೇಳಿದ: "ಕ್ಲೀನರ್ ಆದಾಂವ ತನಗ ಕಾಣದ್ದನ್ನ ಕಾಣತೈತಿ ಅಂತ ಬಡೀಬಾರದ್ರೀ. ಒಂದ್ ಸಲ ಸುಳ್ಳು ಬಡದ್ರ ಮುಗೀತು, ಗಾಡ್ಯಾಗ ಇದ್ದವರದೂ, ಎದುರಿಗೆ ಬರೋರದೂ. ನಾ ಸುಳ್ಳು ಬಡದಾಂವ ಅಲ್ಲ."

ನಾನು ತರ್ಜುಮೆ ಮಾಡುವಾಗ ಪಕ್ಕದಲ್ಲಿ ಯಮನೂರಮ್ಮ ಗಂಡನ ಬೆನ್ನನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದರೂ ಅವನ ಕೆಲಸವನ್ನು ಅವಳು ಕಣ್ಣಾರೆ ಕಂಡದ್ದು ಅಂದೇ. ಅವಳ ಮುಖದಲ್ಲಿ ಹೆಮ್ಮೆ ಇತ್ತು, ಅದನ್ನು ಅವಳು ಮುಚ್ಚಿಕೊಳ್ಳಲೂ ಇಲ್ಲ. ಮಾರ್ಗೋ ಕುಡಿಯುವ ನೀರಿನ ಬಾಟಲಿಯನ್ನು ಮೊದಲು ಅವಳಿಗೇ ಕೊಟ್ಟಳು.

ಮುದಗಲ್ಲಿಗೆ ಬಂದೆವು. ಕೋಟೆಯ ಕಡೆ ತಿರುಗುವ ಓಣಿಯಲ್ಲಿ ಚಹಾದಂಗಡಿಯ ಕಟ್ಟೆಯ ಮೇಲೆ ನಾಲ್ಕೈದು ಮಂದಿ ಕೂತಿದ್ದರು. ಯಮನೂರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡದ್ದು ನೋಡಿಯೇ ಅವರಲ್ಲಿ ಮೈಲಾರಲಿಂಗಪ್ಪ ಇದ್ದಾನೆಂದು ನನಗೆ ತಿಳಿಯಿತು. ಓಣಿ ಇಕ್ಕಟ್ಟು, ಜನ ಗಾಡಿ ನೋಡಲು ಮುತ್ತಿಕೊಂಡರು, ನಿಲ್ಲಲೇಬೇಕಾಯಿತು.

ಜನಕ್ಕೆ ಕಂಡದ್ದು ಇಷ್ಟು: ದೊಡ್ಡ ಹಳದಿ ಗಾಡಿ, ಅದರ ಬಲಗಡೆಯ ಸೀಟಿನಲ್ಲಿ, ಬಾಗಿಲ ಮೇಲೆ ಕೈ ಇಟ್ಟುಕೊಂಡು ಕೂತ ದುರುಗಪ್ಪ. ನಮ್ಮ ಸೀಮೆಯಲ್ಲಿ ಬಲಗಡೆ ಕೂತವನು ಡ್ರೈವರ್ ಅಲ್ಲದೆ ಮತ್ಯಾರು?

"ಲೇ ಮೈಲಾರಲಿಂಗಪ್ಪ, ನಿನ್ನ ಅಳಿಯ ಪರದೇಶದ ಗಾಡಿ ಹೊಡಕೊಂಡ ಬಂದಾನಲೇ" ಎಂದು ಯಾರೋ ಕೂಗಿದರು.

ಮುದುಕ ಎದ್ದ. ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. ಜನರನ್ನು ಸರಿಸುತ್ತ ಬಂದವನೇ ಕಿಟಕಿಯಿಂದ ಹೊರಗಿದ್ದ ಅಳಿಯನ ಕೈಯನ್ನು ಎರಡೂ ಕೈಯಿಂದ ಹಿಡಿದ. ಅವನ ದೊಡ್ಡ ದನಿ ಸಣ್ಣದಾಗಿತ್ತು. "ಕಡೀಕೂ ಸ್ಟೇರಿಂಗ್ ಹಿಡದಿ ನೋಡಪ್ಪ. ಇಳಿ, ಮನಿಗೆ ನಡಿ. ಆಕಿನ್ನೂ ಕರಕೊಂಡ ಬಂದೀಯಲ್ಲ, ಛಲೋ ಆತು."

ಈ ಮುದುಕ ಎಷ್ಟು ವರ್ಷದಿಂದ ಒಂದು ನೆಪಕ್ಕಾಗಿ ಕಾದಿದ್ದ ಎಂದು ಆಗ ನನಗೆ ಹೊಳೆಯಿತು. ಸುಮ್ಮನಿರೋ ಮಹಾರಾಯ ಎಂದು ಮನಸ್ಸಿನಲ್ಲೇ ದುರುಗಪ್ಪನಿಗೆ ಹೇಳಿದೆ. ಸಾಲದೆಂದು ಹಿಂದಿನಿಂದ ಅವನ ಬೆನ್ನು ಚಿವುಟಿದೆ. ಅವನು ಏನೂ ಹೇಳಬೇಕಾಗಿರಲಿಲ್ಲ, ಇಳಿದು ಮಾವನ ಹಿಂದೆ ಹೋದರೆ ಸಾಕಿತ್ತು. ಹೆಂಡತಿಗೆ ತವರು ಸಿಗುತ್ತಿತ್ತು, ಮುದುಕನ ಇಜ್ಜತ್ತು ಉಳಿಯುತ್ತಿತ್ತು, ನಾವು ಕೋಟೆ ನೋಡಬಹುದಿತ್ತು.

ದುರುಗಪ್ಪ ಮಾವನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಬಾಗಿಲ ಮೇಲೆ ಒಂದೇ ಸಲ ಬಡಿದ.

"ಮಾವಾರ, ಬಗ್ಗಿ ಒಳಗ ನೋಡ್ರಿ. ಸ್ಟೇರಿಂಗ್ ಈ ಕಡಿ ಇಲ್ಲ. ಗಾಡಿ ಹೊಡಿಯಾಂವ ಅವ, ಆ ಕಡಿ ಕುಂತಾನಲ್ಲ. ನಾ ಇನ್ನಾ ಕ್ಲೀನರ್ ಅದೀನ್ರಿ."

ನನಗೆ ಎಷ್ಟು ಸಿಟ್ಟು ಬಂತೆಂದರೆ ಅವನ ತಲೆಗೆ ಮೊಟಕಬೇಕೆನಿಸಿತು. ಮುದುಕ ಬಗ್ಗಿದ. ಅಳಿಯನ ಮುಂದಿನ ಖಾಲಿ ಜಾಗ ನೋಡಿದ, ಆ ಕಡೆ ಸ್ಟೇರಿಂಗ್ ಹಿಡಿದು ಪಿಳಿಪಿಳಿ ನೋಡುತ್ತಿದ್ದ ಪೀಟರನನ್ನು ನೋಡಿದ. ಹಿಂದೆ ತಲೆ ತಗ್ಗಿಸಿ ಕೂತ ಮಗಳನ್ನು ನೋಡಿದ. ಓಣಿಯವರೆಲ್ಲ ಅವನ ಬೆನ್ನ ಹಿಂದೆ ನಿಂತಿದ್ದರು.

"ಹಂಗಾದ್ರ ನೀ ಇಲ್ಲಿ ಕುಂತು ಏನ್ ಮಾಡ್ತಿ?"

"ಎದುರಿಗೆ ಏನ್ ಬರಾಕತ್ತೈತಿ ಅಂತ ಅವನಿಗೆ ಅಲ್ಲಿಂದ ಕಾಣಂಗಿಲ್ರಿ. ನಾ ನೋಡಿ ಹೇಳ್ತೀನಿ. ಒಂದ್ ಬಡದ್ರ ನಿಂದ್ರತಾನ, ಎರಡ್ ಬಡದ್ರ ಹೊಕ್ಕಾನ."

"ಅವ ನಿನ್ನ ಭರೋಸದ ಮ್ಯಾಲ ಹೊಡೀತಾನು?"

ದುರುಗಪ್ಪ ಉತ್ತರ ಕೊಡುವ ಮೊದಲೇ ಹಿಂದಿನಿಂದ ಯಮನೂರಮ್ಮ ಸೆರಗು ಸರಿಸಿದಳು. ಎಷ್ಟೋ ಪಂಚಮಿಗಳ ಮೇಲೆ ಅಪ್ಪನ ಜೊತೆ ಅವಳಾಡಿದ ಮೊದಲ ಮಾತು ಅದು. "ಅವನಷ್ಟ ಅಲ್ಲಪ್ಪ. ನಾನೂ ಆ ಭರೋಸದ ಮ್ಯಾಲ ಹಿಂದ ಕುಂತು ಬಂದೀನಿ. ಹಳ್ಳದ ಸೇತುವಿ ಹತ್ರ ಇವರು ಬಡೀಲಿಲ್ಲಂದ್ರ ನಿನ್ನ ಓಣಿಗೆ ನನ್ನ ಹೆಣ ಬರ್ತಿತ್ತು."

ಮುದುಕ ಬಾಗಿಲ ತಗಡನ್ನು ಸವರುತ್ತ ನಿಂತ. ಆಮೇಲೆ ನೆಟ್ಟಗಾಗಿ ಓಣಿಯವರ ಕಡೆ ತಿರುಗಿದ. ಅವನ ಹಳೆಯ ದೊಡ್ಡ ದನಿ ವಾಪಸು ಬಂದಿತ್ತು.

"ಏನ್ ನೋಡ್ತೀರಲೇ? ಸ್ಟೇರಿಂಗ್ ಹಿಡದು ಯಾವನಾದ್ರೂ ಗಾಡಿ ತರ್ತಾನ. ನನ್ನ ಅಳಿಯ ಸ್ಟೇರಿಂಗ್ ಇಲ್ದ ತಂದಾನ."

ಓಣಿ ನಕ್ಕಿತು, ಆದರೆ ಅವನನ್ನು ನೋಡಿ ನಗಲಿಲ್ಲ. ಪೀಟರ್ ಏನಾಯಿತು ಎಂದು ಕೇಳಿದ. ಊಟಕ್ಕೆ ಕರೆದಿದ್ದಾರೆ ಎಂದು ಹೇಳಿದೆ. ಅದಕ್ಕಿಂತ ಹೆಚ್ಚು ಹೇಳಲು ನನ್ನ ಇಂಗ್ಲಿಷಿಗೆ ಬರಲಿಲ್ಲ.

ಮುದುಕನ ಹಿಂದೆ ಮನೆಗೆ ಹೋದರೆ ಬಾಗಿಲಲ್ಲಿ ಕರೆಮ್ಮ ನಿಂತಿದ್ದಳು. ತಾಯಿ ಮಗಳು ಈ ಸಲ ಖಾರದ ಘಾಟು ಎಂದು ಯಾರಿಗೂ ಹೇಳಬೇಕಾಗಿರಲಿಲ್ಲ. ಇಬ್ಬರೂ ಅತ್ತುಕೊಂಡೇ ಒಳಗೆ ಹೋದರು, ಮಾರ್ಗೋಳನ್ನೂ ಕೈ ಹಿಡಿದು ಕರೆದುಕೊಂಡು ಹೋದರು. ಪೀಟರ್ ಬೂಟು ಬಿಚ್ಚಿ ಒಳಗೆ ಕಾಲಿಟ್ಟ, ಅವನ ಹಿಂದೆ ನಾನೂ ಹೋದೆ. ದುರುಗಪ್ಪ ಮಾತ್ರ ಹೊಸ್ತಿಲ ಹೊರಗೇ ನಿಂತ. ಮಾವ ಅಂದ ಮಾತು ಅವನಿಗೆ ನೆನಪಿತ್ತು, ಸ್ಟೇರಿಂಗ್ ಇನ್ನೂ ಕೈಗೆ ಬಂದಿರಲಿಲ್ಲ. ಓಣಿಯಲ್ಲಿ ಆಡಿದ ಮಾತು ಓಣಿಗಾಯಿತು, ಹೊಸ್ತಿಲಿನದು ಬೇರೆ ಲೆಕ್ಕ ಎಂದು ಅವನ ಮೊಂಡು ತಲೆಯಲ್ಲಿ ಇದ್ದಿರಬೇಕು. ನಾವು ಕರೆದೆವು. ಬರಲಿಲ್ಲ.

ಮೈಲಾರಲಿಂಗಪ್ಪ ಒಳಗಿನಿಂದ ಅವನನ್ನು ಒಂದು ಗಳಿಗೆ ನೋಡಿದ. ಹಟ ಅನ್ನುವುದು ಅವನಿಗೂ ಗೊತ್ತಿರುವ ವಿಷಯವೇ. ಎದ್ದು ಬಾಗಿಲಿಗೆ ಬಂದು ಕದದ ಮೇಲೆ ಅಂಗೈಯಿಂದ ಎರಡು ಸಲ ಬಡಿದ.

ದುರುಗಪ್ಪ ಮಾವನ ಮುಖ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದ.